ಹ್ಯಾಂಡಲ್ ತುದಿಗೆ ಕನ್ನಡಿ: ಕೊಳ್ಳುವ ಮೊದಲು ಏನನ್ನು ಅಳೆಯಬೇಕು

ನಿಮ್ಮ ಬೈಕಿನ ಕನ್ನಡಿಯಲ್ಲಿ ಈಗ ಏನು ಕಾಣುತ್ತಿದೆ? ಜಾಕೆಟ್ ಹಾಕಿಕೊಂಡು, ಹೆಲ್ಮೆಟ್ ಧರಿಸಿ, ಎರಡೂ ಕೈಗಳನ್ನು ಗ್ರಿಪ್ ಮೇಲಿಟ್ಟು ಒಮ್ಮೆ ನೋಡಿ. ಕನ್ನಡಿಯ ಅರ್ಧಭಾಗವನ್ನು ನಿಮ್ಮದೇ ಮೊಣಕೈ, ತೋಳು ತುಂಬಿಕೊಂಡಿದ್ದರೆ ಬಾರ್ ಎಂಡ್ ಕನ್ನಡಿಯ, ಅಂದರೆ ಹ್ಯಾಂಡಲಿನ ತುದಿಗೆ ಕೂರುವ ಕನ್ನಡಿಯ ಮಾತೆತ್ತಲು ಕಾರಣವಿದೆ. ತೋಳು ಒಳ ಅಂಚಿನಲ್ಲಿ ಒಂದಿಷ್ಟು ಇಣುಕಿ, ಉಳಿದದ್ದೆಲ್ಲ ರಸ್ತೆಯೇ ಆಗಿದ್ದರೆ ಕಂಪನಿಯಿಂದ ಬಂದ ಕನ್ನಡಿ ತನ್ನ ಕೆಲಸ ಮಾಡುತ್ತಿದೆ. ಅದನ್ನು ಬಿಚ್ಚಿ ತುದಿಗೆ ಬೇರೆಯದನ್ನು ಹಾಕುವುದು ಚಂದಕ್ಕೆ ಮಾತ್ರ. ಚಂದಕ್ಕೆ ಹಾಕಬಾರದೆಂದಲ್ಲ, ನಾನೂ ಮೊದಲ ಸಲ ಹಾಕಿಕೊಂಡದ್ದು ಚಂದಕ್ಕೇ. ಆದರೆ ಆಗ ಅದನ್ನು ಒಪ್ಪಿಕೊಳ್ಳಲಿಲ್ಲ. ‘ಹಿಂದಿನದು ಚೆನ್ನಾಗಿ ಕಾಣುತ್ತದೆ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಕಾಣುತ್ತಿದ್ದದ್ದು ಮಾತ್ರ ಮೊದಲಿಗಿಂತ ಕಡಿಮೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಬೆನ್ನ ಹಿಂದಿನ ಲಾರಿಗೆ ಬೇಕು. ಅದು ಹೇಗೆ ಕಾಣಬೇಕು ಎನ್ನುವುದರಿಂದ ಆಯ್ಕೆ ಶುರುವಾದರೆ ಮುಂದಿನದು ಸಲೀಸು.

ಮೂರು ದಾರಿಗಳು

ಕ್ಲಚ್, ಬ್ರೇಕ್ ಲಿವರ್‌ಗಳ ಬುಡದಿಂದ ಕಡ್ಡಿಯ ಮೇಲೆ ನಿಲ್ಲುವ ಕನ್ನಡಿಗೂ ಗ್ರಿಪ್ ಮುಗಿಯುವಲ್ಲಿಂದ ಹೊರಚಾಚುವ ಕನ್ನಡಿಗೂ ನಡುವಿನ ಅಂತರ ಹೆಚ್ಚೆಂದರೆ ಒಂದು ಗೇಣು. ಆ ಗೇಣಿನೊಳಗೆ ಬಹಳಷ್ಟು ಬದಲಾಗುತ್ತದೆ. ಕಡ್ಡಿಯ ಕನ್ನಡಿ ಎತ್ತರದಲ್ಲಿದೆ, ಕಣ್ಣಿನ ನೇರಕ್ಕೆ ಹತ್ತಿರವಿದೆ. ಮುಂದಿನ ರಸ್ತೆಯಿಂದ ಅಲ್ಲಿಗೆ ದೃಷ್ಟಿ ಹೋಗಿ ಬರಲು ಹೆಚ್ಚು ಹೊತ್ತು ಬೇಡ. ಆದರೆ ಅದು ತೋಳಿನ ಮುಂದೆಯೇ ನಿಂತಿರುವುದರಿಂದ ಹಿಂದಿನ ನೋಟದ ಒಂದು ಪಾಲನ್ನು ತೋಳು ನುಂಗುತ್ತದೆ. ತುದಿಯ ಕನ್ನಡಿ ತೋಳಿನ ಆಚೆಗೆ ಹೋಗಿ ಆ ಪಾಲನ್ನು ವಾಪಸು ತರುತ್ತದೆ. ಅದಕ್ಕೆ ತೆರುವ ಬೆಲೆ ಮೂರು ಬಗೆಯದು. ಕಣ್ಣು ಇನ್ನಷ್ಟು ಕೆಳಗೆ, ಇನ್ನಷ್ಟು ಪಕ್ಕಕ್ಕೆ ಹೋಗಬೇಕು. ಬೈಕಿನ ಅಗಲ ಎರಡೂ ಕಡೆ ಹೆಚ್ಚುತ್ತದೆ. ನಿಂತ ಬೈಕು ವಾಲಿ ಬಿದ್ದರೆ ನೆಲಕ್ಕೆ ಮೊದಲು ತಾಗುವುದು ಅದೇ.

ಮೂರನೆಯ ದಾರಿಯೊಂದಿದೆ, ಅದನ್ನು ಯಾರೂ ಹೊಗಳುವುದಿಲ್ಲ: ಹಳೆಯ ಕನ್ನಡಿಯನ್ನೇ ಇಟ್ಟುಕೊಂಡು, ಅದರ ಬುಡಕ್ಕೆ ಒಂದು ಸಣ್ಣ ಲೋಹದ ತುಂಡು ಸೇರಿಸಿ ಮೂರು ನಾಲ್ಕು ಸೆಂಟಿಮೀಟರ್ ಹೊರಕ್ಕೆ ಸರಿಸುವುದು. ನೋಡಲು ಅಷ್ಟೇನೂ ಚಂದವಿಲ್ಲ. ಕಡ್ಡಿ ಉದ್ದವಾದಷ್ಟೂ ನಡುಕ ತುಸು ಹೆಚ್ಚಬಹುದು. ಆದರೂ ತೋಳು ಅಡ್ಡ ಬರುತ್ತಿದೆ ಎನ್ನುವುದೊಂದೇ ದೂರಾಗಿದ್ದರೆ ಇದು ಐದು ನಿಮಿಷದ ಕೆಲಸ. ಕೊಳ್ಳುವಾಗ ಥ್ರೆಡ್ ನೋಡಿಕೊಳ್ಳಿ. ಬಹುತೇಕ ಬೈಕುಗಳಲ್ಲಿ ಅದು 10 ಮಿ.ಮೀ. ವ್ಯಾಸ, 1.25 ಮಿ.ಮೀ. ಪಿಚ್, ಅಂದರೆ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ. ಕೆಲವು ಬೈಕುಗಳ ಬಲಗಡೆಯ ಕನ್ನಡಿಗೆ ಉಲ್ಟಾ ಥ್ರೆಡ್ ಇರುತ್ತದೆ, ಬಿಚ್ಚಬೇಕಾದರೆ ಬಿಗಿಯುವ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಜೋರು ಮಾಡಿದರೆ ಲಿವರ್ ಹಿಡಿದಿರುವ ಬ್ರಾಕೆಟ್ಟೇ ಸೀಳುತ್ತದೆ. ಆಗ ಕನ್ನಡಿಯ ಕೆಲಸ ಬ್ರೇಕಿನ ಕೆಲಸವಾಗುತ್ತದೆ.

ಹ್ಯಾಂಡಲ್ ಅಗಲವಾಗಿದ್ದು ನೆಟ್ಟಗೆ ಕುಳಿತು ಓಡಿಸುವವರಿಗೆ ಸಾಮಾನ್ಯವಾಗಿ ಕಡ್ಡಿಯ ಕನ್ನಡಿಯೇ ಸರಿ ಎಂದು ನನ್ನ ಅಭಿಪ್ರಾಯ. ಅಂಥ ಹ್ಯಾಂಡಲ್ ತುದಿಯಲ್ಲಿ ಕನ್ನಡಿ ಕೂರಿಸಿದರೆ ಅದು ಕಣ್ಣಿನಿಂದ ಬಲು ದೂರ ಹೋಗುತ್ತದೆ. ಹ್ಯಾಂಡಲ್ ಕಿರಿದಾಗಿದ್ದು, ತಗ್ಗಿನಲ್ಲಿದ್ದು, ಮುಂದಕ್ಕೆ ಬಾಗಿ ಮೊಣಕೈ ಹೊರಚಾಚಿ ಕೂರುವವರಿಗೆ ತುದಿಯ ಕನ್ನಡಿ ನಿಜವಾಗಿ ಉಪಕಾರಿ. ಕೈಗಳಿಗೆ ಗಾಳಿ ತಡೆಯುವ ಕವಚ ಹಾಕಿಸಿಕೊಂಡವರು ಇಲ್ಲೇ ನಿಲ್ಲಬಹುದು. ಆ ಕವಚದ ಹೊರ ಬೋಲ್ಟು ಕೂರುವುದೂ ಅದೇ ತುದಿಯಲ್ಲಿ, ಒಂದು ತೂತಿಗೆ ಇಬ್ಬರು ಒಡೆಯರಿರುವುದಿಲ್ಲ.

ಗಾಜು: ಇಲ್ಲಿ ಆತುರ ಬೇಡ

ಜನ ಆಕಾರ ನೋಡಿ ಕೊಳ್ಳುತ್ತಾರೆ, ದುಂಡಗಿನದೋ ಉದ್ದನೆಯದೋ ಎಂದು. ನೋಡಬೇಕಾದದ್ದು ಗಾಜಿನ ಅಳತೆ ಮತ್ತು ಉಬ್ಬು.

ಮೊದಲು ಅಳತೆ. ದುಂಡಗಿನ ಬಾರ್ ಎಂಡ್ ಕನ್ನಡಿಗಳಲ್ಲಿ ಎಲ್ಲೆಡೆ ಸಿಗುವುದು 3 ಇಂಚಿನದು, ಅಂದರೆ 76 ಮಿ.ಮೀ. ದ್ವಿಚಕ್ರ, ತ್ರಿಚಕ್ರ ವಾಹನಗಳ ಕನ್ನಡಿಗೆಂದೇ ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ 81ನೆಯ ನಿಯಮವಿದೆ. ಅದರ ಪ್ರಕಾರ ದುಂಡು ಕನ್ನಡಿಯ ಗಾಜು ಕನಿಷ್ಠ 94 ಮಿ.ಮೀ. ವ್ಯಾಸವಿರಬೇಕು, 150 ಮಿ.ಮೀ. ಮೀರಬಾರದು, ಯಾವ ಆಕಾರವಾದರೂ ವಿಸ್ತೀರ್ಣ 69 ಚದರ ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು. 76ಕ್ಕೂ 94ಕ್ಕೂ ಇರುವುದು 18 ಮಿ.ಮೀ. ವ್ಯತ್ಯಾಸ ತಾನೇ ಎನ್ನಿಸಬಹುದು. ವೃತ್ತದ ಲೆಕ್ಕ ಹಾಗೆ ನಡೆಯುವುದಿಲ್ಲ: 76ರ ಗಾಜು ಸುಮಾರು 45 ಚದರ ಸೆಂಟಿಮೀಟರ್, 94ರದು ಸುಮಾರು 69. ಮೂರರಲ್ಲಿ ಒಂದು ಪಾಲು ಗಾಜೇ ಇಲ್ಲ. ಅಂಗಡಿಯಲ್ಲಿ ಅಳೆಯುವಾಗ ಚೌಕಟ್ಟು ಬಿಟ್ಟು ಗಾಜನ್ನು ಮಾತ್ರ ಅಳೆಯಿರಿ. ದಪ್ಪ ಅಂಚಿನ ಕನ್ನಡಿಗಳು ಹೊರಗಿನಿಂದ ದೊಡ್ಡದಾಗಿ ಕಾಣುತ್ತವೆ. ಈ ನಿಯಮಕ್ಕೆ ಒಪ್ಪಿಗೆ ಪಡೆದ ಕನ್ನಡಿಯ ಮೇಲೆ ವೃತ್ತದೊಳಗೆ ‘ಇ’ ಎಂಬ ರೋಮನ್ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಮುದ್ರಿಸಿರುತ್ತಾರೆ. ಈ ನಿಯಮ ಜಾರಿಯಲ್ಲಿರುವ ಕಡೆ ತಪಾಸಣೆ ಮಾಡುವವರು ಮೊದಲು ಹುಡುಕುವುದು ಆ ಗುರುತನ್ನೇ.

ಈಗ ಉಬ್ಬು. ಚಪ್ಪಟೆ ಗಾಜಿನಲ್ಲಿ ಹಿಂದಿನ ಕಾರು ತನ್ನ ನಿಜವಾದ ದೂರದಲ್ಲಿರುವಂತೆ ಕಾಣುತ್ತದೆ. ಆದರೆ ಎಷ್ಟು ಕಾಣುತ್ತದೆ? ಕಣ್ಣಿನಿಂದ 70 ಸೆಂ.ಮೀ. ದೂರದಲ್ಲಿ 94 ಮಿ.ಮೀ. ಚಪ್ಪಟೆ ಗಾಜು ಇದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ 20 ಮೀಟರ್ ಹಿಂದೆ ಕಾಣುವ ಪಟ್ಟಿಯ ಅಗಲ 2.8 ಮೀಟರ್. ಒಂದು ಕಾರು ಕಾಣುತ್ತದೆ, ಅದರ ಪಕ್ಕದಿಂದ ನುಗ್ಗಿ ಬರುವ ಬೈಕು ಕಾಣುವುದಿಲ್ಲ. 76ರ ಗಾಜಾದರೆ ಪಟ್ಟಿ 2.3 ಮೀಟರಿಗೂ ಬರುವುದಿಲ್ಲ. ಅದೇ 94ರ ಗಾಜು 1200 ಮಿ.ಮೀ. ತ್ರಿಜ್ಯದ ಉಬ್ಬಿನದಾಗಿದ್ದರೆ, ಅಂದರೆ ಅಷ್ಟು ತ್ರಿಜ್ಯದ ಗೋಳದಿಂದ ಕತ್ತರಿಸಿದ ತುಂಡಿನಂತೆ ಉಬ್ಬಿದ್ದರೆ, ಅಗಲ ಸುಮಾರು 5.9 ಮೀಟರ್. ಎರಡು ಪಟ್ಟನ್ನೂ ಮೀರಿತು.

ಉಬ್ಬು ಗಾಜು ಈ ಅಗಲವನ್ನು ಪುಕ್ಕಟೆ ಕೊಡುವುದಿಲ್ಲ. ಮೇಲಿನ ಲೆಕ್ಕದಲ್ಲೇ 20 ಮೀಟರ್ ಹಿಂದಿರುವ ಕಾರು ಚಪ್ಪಟೆ ಗಾಜಿನಲ್ಲಿ ಕಾಣುವುದರ ಅರ್ಧಕ್ಕಿಂತ ತುಸು ಚಿಕ್ಕದಾಗಿ ಕಾಣುತ್ತದೆ. 44 ಮೀಟರ್ ಆಚೆ ಇದೆ ಎಂಬ ಭ್ರಮೆ. ಅದಕ್ಕೇ 81ನೆಯ ನಿಯಮ ಉಬ್ಬಿನ ತ್ರಿಜ್ಯವನ್ನು 1000ದಿಂದ 1500 ಮಿ.ಮೀ. ಒಳಗೆ ಕಟ್ಟಿಹಾಕಿದೆ. ತ್ರಿಜ್ಯ ಕಡಿಮೆಯಾದಷ್ಟೂ ಉಬ್ಬು ಹೆಚ್ಚು, ಚಿತ್ರ ಸಣ್ಣದು. 600 ಮಿ.ಮೀ. ತ್ರಿಜ್ಯದ ಗಾಜಿನಲ್ಲಿ ಅದೇ ಕಾರು 65 ಮೀಟರ್ ದೂರವನ್ನೂ ದಾಟಿ ನಿಂತಂತೆ ತೋರುತ್ತದೆ. ಹಿಂದೆ ಯಾರೂ ಇಲ್ಲವೆಂದು ನೀವು ಬಲಕ್ಕೆ ಸರಿಯುವ ಹೊತ್ತಿಗೆ ಅವನ ಹಾರ್ನ್ ಕಿವಿಯ ಪಕ್ಕದಲ್ಲೇ ಕೇಳುತ್ತದೆ.

ಡಬ್ಬಿಯ ಮೇಲೆ ತ್ರಿಜ್ಯ ಬರೆದಿರುವುದು ಅಪರೂಪ. ಒಂದು ಸಣ್ಣ ಚಪ್ಪಟೆ ಕೈಗನ್ನಡಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಎರಡನ್ನೂ ಪಕ್ಕಪಕ್ಕದಲ್ಲಿ ತೋಳಿನುದ್ದಕ್ಕೆ ಹಿಡಿದು ನಿಮ್ಮ ಹಿಂದೆ ದೂರದಲ್ಲಿರುವ ಒಂದೇ ವಸ್ತುವನ್ನು ನೋಡಿ. ಉಬ್ಬು ಗಾಜಿನಲ್ಲಿ ಅದು ಅರ್ಧದಷ್ಟು ಕಂಡರೆ ಸರಿ. ಮೂರನೇ ಒಂದಕ್ಕೆ ಇಳಿದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಬಾಗಿಲ ಚೌಕಟ್ಟಿನಂಥ ಒಂದು ನೇರ ಗೆರೆಯನ್ನು ಕನ್ನಡಿಯಲ್ಲಿ ಹಿಡಿದು ತಲೆಯನ್ನು ನಿಧಾನವಾಗಿ ಆಚೀಚೆ ಆಡಿಸಿ. ಗೆರೆ ಒಂದೇ ಸಮನೆ ಬಾಗಿದರೆ ಅದು ಉಬ್ಬಿನ ಗುಣ. ನೀರಿನಲ್ಲಿ ಕಂಡಂತೆ ಅಲೆಅಲೆಯಾಗಿ ಕುಣಿದರೆ ಗಾಜೇ ಕಳಪೆ. ಈ ಎರಡನೇ ಪರೀಕ್ಷೆಯಲ್ಲಿ ಬಿದ್ದುಹೋಗುವ ಕನ್ನಡಿಗಳು ನೀವು ಎಣಿಸುವುದಕ್ಕಿಂತ ಹೆಚ್ಚು.

ನೀಲಿ ಬಣ್ಣದ ಗಾಜು ರಾತ್ರಿ ಹಿಂದಿನವರ ಹೆಡ್‌ಲೈಟನ್ನು ತುಸು ಮೆತ್ತಗಾಗಿಸುತ್ತದೆ, ಮುಸ್ಸಂಜೆಯಲ್ಲಿ ಉಳಿದದ್ದನ್ನೂ ಮಬ್ಬಾಗಿಸುತ್ತದೆ. ನನಗೆ ಬೇಡ.

ಕೂರಿಸುವ ಮೂರು ಬಗೆ, ಮತ್ತು ಹ್ಯಾಂಡಲಿನ ಬಾಯಿ

ಬಹುತೇಕ ಹ್ಯಾಂಡಲ್‌ಗಳು ಗ್ರಿಪ್ ಇರುವಲ್ಲಿ ಹೊರಗಿನಿಂದ 22 ಮಿ.ಮೀ.; ದೊಡ್ಡ ಕ್ರೂಸರ್‌ಗಳಲ್ಲಿ 1 ಇಂಚು, ಅಂದರೆ 25.4 ಮಿ.ಮೀ. ಡಬ್ಬಿಯ ಮೇಲೆ ಬರೆದಿರುವ ‘22 ಮಿ.ಮೀ. ಹ್ಯಾಂಡಲಿಗೆ’ ಎಂಬುದು ಹೊರಗಿನ ಅಳತೆ. ಕನ್ನಡಿ ಕೂರುವುದು ಒಳಗೆ. ಒಳಗಿನ ಬಾಯಿ ಕೊಳವೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ: ತೆಳುವಾದ ಉಕ್ಕಿನ ಹ್ಯಾಂಡಲಿನಲ್ಲಿ ಸಾಮಾನ್ಯವಾಗಿ 17, 18 ಮಿ.ಮೀ., ದಪ್ಪ ಅಲ್ಯೂಮಿನಿಯಮ್ಮಿನದರಲ್ಲಿ 13, 14. ಅಳತೆಗಡ್ಡಿ ಇಲ್ಲದಿದ್ದರೆ ಡ್ರಿಲ್ ಬಿಟ್‌ಗಳ ಹಿಂತುದಿಯನ್ನು ಒಂದೊಂದಾಗಿ ತೂರಿಸಿ ನೋಡಿ. ಯಾವುದು ಬಿಗಿಯಾಗಿ ಹೋಗುತ್ತದೋ ಅದರ ಅಳತೆಯೇ ಬಾಯಿಯ ಅಳತೆ. ಇದನ್ನು ಮಾಡದೆ ಕನ್ನಡಿ ತರಿಸಿಕೊಂಡವರ ಮನೆಯಲ್ಲಿ ಒಂದು ಜೊತೆ ಕನ್ನಡಿ ಡಬ್ಬಿಯಲ್ಲೇ ಮಲಗಿರುತ್ತದೆ.

ಮೊದಲನೆಯ ಬಗೆ ಒಳಗೆ ಹಿಗ್ಗುವಂಥದ್ದು. ಬೋಲ್ಟು ಬಿಗಿದಂತೆ ಒಂದು ಶಂಕು ಹಿಂದಕ್ಕೆ ಎಳೆದುಕೊಂಡು ಬಂದು, ಸೀಳಿರುವ ಲೋಹದ ಕೊಳವೆಯನ್ನೋ ರಬ್ಬರಿನ ಬಿರಡೆಯನ್ನೋ ಹಿಗ್ಗಿಸಿ ಹ್ಯಾಂಡಲಿನ ಒಳಗೋಡೆಗೆ ಒತ್ತುತ್ತದೆ. ಲೋಹದ್ದು ಕಚ್ಚಿ ಹಿಡಿಯುತ್ತದೆ, ಅಲ್ಯೂಮಿನಿಯಮ್ಮಿನ ಮೇಲೆ ಗೀರು ಬಿಡುತ್ತದೆ. ರಬ್ಬರಿನದು ಮೆತ್ತಗೆ, ನಡುಕವನ್ನು ಒಂದಿಷ್ಟು ನುಂಗುತ್ತದೆ, ಆದರೆ ಜೋರು ಗಾಳಿಗೆ ಸ್ವಲ್ಪಸ್ವಲ್ಪವೇ ತಿರುಗುತ್ತದೆ. ಹಗುರವಾದ ಕನ್ನಡಿಗೆ ರಬ್ಬರ್ ಸಾಕು. ಭಾರದ್ದಕ್ಕೆ, ಹೆದ್ದಾರಿ ವೇಗಕ್ಕೆ ಲೋಹದ್ದೇ ಬೇಕು.

ಎರಡನೆಯದು, ನಡುಕ ತಗ್ಗಿಸಲೆಂದು ಕಂಪನಿಯವರು ಹ್ಯಾಂಡಲ್ ತುದಿಗೆ ಹಾಕಿರುವ ಭಾರದ ತುಂಡು ಕೂರುವ ಥ್ರೆಡ್ಡನ್ನೇ ಬಳಸುವಂಥದ್ದು. ಹಲವು ಬೈಕುಗಳಲ್ಲಿ ಹ್ಯಾಂಡಲಿನೊಳಗೆ ಥ್ರೆಡ್ ಇರುವ ನಟ್ಟೋ ಭಾರವೋ ಕೂತಿರುತ್ತದೆ. 6 ಅಥವಾ 8 ಮಿ.ಮೀ. ಬೋಲ್ಟು ಅದಕ್ಕೆ ಹಿಡಿಯುತ್ತದೆ. ನಿಮ್ಮ ಬೈಕಿಗೆಂದೇ ಮಾಡಿದ ಜೋಡಣೆ ಸಿಕ್ಕರೆ ಬೇರೆ ಯೋಚನೆ ಬೇಡ, ಇದನ್ನೇ ತೆಗೆದುಕೊಳ್ಳಿ: ಜಾರುವುದಿಲ್ಲ, ಭಾರವೂ ಉಳಿಯುತ್ತದೆ. ಹಳೆಯ ತುಂಡನ್ನು ಬಿಚ್ಚುವಾಗ ಮಾತ್ರ ತಾಳ್ಮೆ ಬೇಕು. ಕೆಲವೊಮ್ಮೆ ಬೋಲ್ಟಿನ ಜೊತೆ ಒಳಗಿನ ಭಾರವೂ ಗಿರಗಿರ ತಿರುಗುತ್ತದೆ, ಬೋಲ್ಟು ಬಿಚ್ಚಿಕೊಳ್ಳುವುದಿಲ್ಲ. ಹೊರಗಿನ ತುಂಡನ್ನು ಹೊರಕ್ಕೆ ಎಳೆದು ಹಿಡಿದುಕೊಂಡೇ ಬೋಲ್ಟು ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ.

ಮೂರನೆಯದು ಹೊರಗಿನಿಂದ ಉಂಗುರದಂತೆ ತಬ್ಬುವ ಕ್ಲ್ಯಾಂಪು. ಚಿತ್ರದಲ್ಲಿ ಬಲು ಸುಲಭ. ಅದಕ್ಕೆ ಹ್ಯಾಂಡಲಿನ ತುದಿಯಲ್ಲಿ ಒಂದು ಬೆರಳಗಲ ಬರಿಯ ಲೋಹ ಬೇಕು, ಹ್ಯಾಂಡಲ್ ತುದಿಯವರೆಗೂ ಗ್ರಿಪ್ ಇದೆ. ಎಡಗಡೆ ಗ್ರಿಪ್ಪನ್ನು ಕತ್ತರಿಸಬಹುದು ಅಥವಾ ಎಲ್ಲವನ್ನೂ ಒಳಗೆ ಸರಿಸಬಹುದು. ಬಲಗಡೆ ಆಕ್ಸಿಲರೇಟರಿನ ಕೊಳವೆ ಇದೆ. ಅದನ್ನು ಸರಿಸಬೇಕಾದರೆ ಸ್ವಿಚ್ಚಿನ ಡಬ್ಬಿಯೂ ಸರಿಯಬೇಕು. ಎಷ್ಟೋ ಬೈಕುಗಳಲ್ಲಿ ಆ ಡಬ್ಬಿಯೊಳಗಿನ ಒಂದು ಗೂಟ ಹ್ಯಾಂಡಲಿನ ತೂತಿನಲ್ಲಿ ಕೂತಿರುತ್ತದೆ. ಗೂಟ ಕತ್ತರಿಸುವುದಕ್ಕೋ ಹೊಸ ತೂತು ಕೊರೆಯುವುದಕ್ಕೋ ಕೈ ಹಾಕುವ ಹೊತ್ತಿಗೆ ಒಂದು ಕನ್ನಡಿಗಾಗಿ ಇಷ್ಟೆಲ್ಲ ಏಕೆ ಎನ್ನಿಸುತ್ತದೆ, ಎನ್ನಿಸಲೇಬೇಕು.

ಮೇಲೋ ಕೆಳಗೋ

ಗ್ರಿಪ್ಪಿನ ಕೆಳಗೆ ತೂಗುವ ಕನ್ನಡಿ ಬೈಕಿಗೆ ಕೊಡುವ ಮೈಕಟ್ಟೇ ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ಮುಂದಿನಿಂದ ನೋಡಿದರೆ ಹ್ಯಾಂಡಲ್ ಒಂದೇ ಗೆರೆಯಾಗಿ ಉಳಿಯುತ್ತದೆ. ಆದರೆ ಓಡಿಸುವವನಿಗೆ ಅದು ಮೊಣಕೈಯ ಕೆಳಗಿನ ಕಿಂಡಿಯಿಂದ ಹಿಂದಿನದನ್ನು ತೋರಿಸುತ್ತದೆ. ಜಾಕೆಟ್ಟಿನ ತೋಳು ಗಾಳಿಗೆ ಉಬ್ಬಿದರೆ ಕಿಂಡಿ ಮುಚ್ಚುತ್ತದೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿದ್ದರೆ ಗದ್ದದ ಭಾಗ ಅಡ್ಡ ಬಂದು, ಪ್ರತಿ ಸಲವೂ ತಲೆ ಬಗ್ಗಿಸಿಯೇ ನೋಡಬೇಕಾಗುತ್ತದೆ; ಅಷ್ಟು ಹೊತ್ತು ಮುಂದಿನ ರಸ್ತೆ ಯಾರ ಲೆಕ್ಕದಲ್ಲೂ ಇಲ್ಲ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಕೆಳಗಿನ ಕನ್ನಡಿ ಟ್ಯಾಂಕಿಗೋ ಮೊಣಕಾಲಿಗೋ ತಾಗುವ ಸಂಭವವೂ ಹೆಚ್ಚು.

ಮೇಲೆ ನಿಲ್ಲಿಸಿದ್ದು ಕಣ್ಣಿಗೆ ಹತ್ತಿರ, ತೋಳಿನ ಹೊರಗಿನಿಂದ ನೋಟ. ನನ್ನ ಮತ ಇದಕ್ಕೇ. ನೇರ ಮೇಲಕ್ಕಲ್ಲ, ಮುಂದಕ್ಕೂ ಹೊರಕ್ಕೂ ಓರೆಯಾಗಿ ನಿಲ್ಲಿಸಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುವುದಾದರೆ, ಸೀಟಿನಿಂದ ನೋಡಿದಾಗ ಬಲಗಡೆಯ ಕಡ್ಡಿ ಒಂದು ಗಂಟೆಯತ್ತ, ಎಡಗಡೆಯದು ಹನ್ನೊಂದರತ್ತ. ತೀರಾ ಹೊರಕ್ಕೆ, ಮೂರು ಗಂಟೆಯತ್ತ ಚಾಚಿದರೆ ನೋಟ ಹೆಚ್ಚುವುದು ಅಲ್ಪ, ಅಗಲ ಹೆಚ್ಚುವುದು ಬಹಳ.

ಒಳಕ್ಕೆ, ಗ್ರಿಪ್ಪಿನ ಮೇಲೆಯೇ ಮಡಚಿಡುವವರೂ ಇದ್ದಾರೆ, ಇಕ್ಕಟ್ಟಿನಲ್ಲಿ ನುಸುಳಲು. ನಿಲ್ಲಿಸಿಡುವಾಗ ಹಾಗೆ ಮಡಚುವುದು ಒಳ್ಳೆಯದೇ. ಓಡಿಸುವಾಗ ಹಾಗಿಟ್ಟರೆ ತೋಳೇ ಕಾಣುತ್ತದೆ. ಅದಕ್ಕೆ ಹಳೆಯ ಕನ್ನಡಿ ಸಾಕಾಗಿತ್ತಲ್ಲ.

ಕೂರಿಸುವ ದಿನ

ಎಡಗಡೆಯಿಂದ ಶುರು ಮಾಡಿ, ಅಲ್ಲಿ ತಪ್ಪಾದರೂ ಅಪಾಯವಿಲ್ಲ. ಗ್ರಿಪ್ಪಿನ ತುದಿ ಮುಚ್ಚಿದ್ದರೆ ಹರಿತವಾದ ಬ್ಲೇಡಿನಿಂದ ಹ್ಯಾಂಡಲಿನ ಅಂಚನ್ನೇ ಅನುಸರಿಸಿ ದುಂಡಗೆ ಕತ್ತರಿಸಿ ತೆಗೆಯಿರಿ. ಒಳಗೆ ತುಕ್ಕು, ಎಣ್ಣೆಜಿಡ್ಡು ಇರುತ್ತದೆ. ಬಟ್ಟೆಯನ್ನು ಸ್ಪಿರಿಟಿನಲ್ಲಿ ಅದ್ದಿ ಬೆರಳಿನುದ್ದ ಒಳಗಿನವರೆಗೂ ಒರೆಸಿ. ನಾನು ಮೊದಲ ಸಲ ಇದನ್ನು ಮಾಡಲಿಲ್ಲ. ಬೋಲ್ಟು ಚೆನ್ನಾಗಿಯೇ ಬಿಗಿಯಿತು, ಕೈಯಿಂದ ಅಲುಗಾಡಿಸಿದರೆ ಅಲುಗಲಿಲ್ಲ. ಹೆದ್ದಾರಿಗೆ ಬಂದು ವೇಗ ಏರಿದಂತೆ ಕನ್ನಡಿ ಗಾಳಿಗೆ ಮೆಲ್ಲಗೆ ತಲೆ ಬಗ್ಗಿಸಿ, ಹಿಂದಿನ ರಸ್ತೆ ಹೋಗಿ ಡಾಂಬರು, ಡಾಂಬರು ಹೋಗಿ ನನ್ನದೇ ಬೂಟು ಕಾಣತೊಡಗಿತು.

ಬೋಲ್ಟಿನ ಥ್ರೆಡ್ಡಿಗೂ ಶಂಕುವಿನ ಮೈಗೂ ಚೂರು ಗ್ರೀಸ್ ಹಚ್ಚಿದರೆ ಬಿಗಿತ ಸಮನಾಗಿ ಬರುತ್ತದೆ. ಹ್ಯಾಂಡಲಿಗೆ ತಾಗುವ ಹೊರಮೈಗೆ ಮಾತ್ರ ಜಿಡ್ಡು ಸೋಕಬಾರದು. 6 ಮಿ.ಮೀ. ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕಷ್ಟಾಯಿತು. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು ಆಲನ್ ಕೀಯ ಉದ್ದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಬಿಗಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಥ್ರೆಡ್ ಸಡಿಲವಾಗದಂತೆ ಹಾಕುವ ಅಂಟನ್ನು ಪ್ಲಾಸ್ಟಿಕ್ ಕನ್ನಡಿಯ ಹತ್ತಿರ ತರಬೇಡಿ, ಅದು ತಾಗಿದ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಲೋಹಕ್ಕೆ ಲೋಹ ಕೂಡುವಲ್ಲಿ ಒಂದು ಹನಿ ಸಾಕು, ಅದೂ ಬಿಚ್ಚಲು ಬರುವ ಮಧ್ಯಮ ಬಿಗಿತದ್ದು.

ಈಗ ಬಲಗಡೆ. ಇಲ್ಲಿ ಗ್ರಿಪ್ ತಿರುಗುತ್ತದೆ. ಗ್ರಿಪ್ಪಿನ ತುದಿಗೂ ಕನ್ನಡಿಯ ಬುಡಕ್ಕೂ ಮಧ್ಯೆ ಒಂದರಿಂದ ಎರಡು ಮಿ.ಮೀ. ಸಂದು ಇರಲೇಬೇಕು. ದಪ್ಪ ಕಾಗದದ ಎರಡು ಮೂರು ಪದರ ಮಡಚಿ ಸಂದಿನಲ್ಲಿಟ್ಟು ಬೋಲ್ಟು ಬಿಗಿದು, ಆಮೇಲೆ ಕಾಗದ ಎಳೆದುಬಿಡಿ. ಇಂಜಿನ್ ಆಫ್ ಇರುವಾಗ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೈಬಿಡಿ: ಅದು ‘ಟಕ್’ ಎಂದು ತಾನಾಗಿ ಹಿಂದಕ್ಕೆ ಬರಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಮತ್ತೊಮ್ಮೆ, ಬಲಕ್ಕೆ ಪೂರ್ತಿ ತಿರುಗಿಸಿ ಇನ್ನೊಮ್ಮೆ. ನಿಧಾನವಾಗಿ ಬಂದರೆ ‘ಪರವಾಗಿಲ್ಲ’ ಎನ್ನಬೇಡಿ. ನನ್ನದು ನಿಂತಲ್ಲಿ ಸರಿಯಾಗಿಯೇ ಬರುತ್ತಿತ್ತು. ಆದರೆ ಗ್ರಿಪ್ಪಿನ ರಬ್ಬರ್ ಅಂಟು ಬಿಟ್ಟಿತ್ತು, ಓಡಿಸುತ್ತ ಓಡಿಸುತ್ತ ಅಂಗೈ ಅದನ್ನು ಕೂದಲೆಳೆಯಷ್ಟು ಹೊರಕ್ಕೆ ತಳ್ಳುತ್ತಿತ್ತು. ಒಂದು ತಿರುವಿನ ಮುಂದೆ ಕೈ ಸಡಿಲಿಸಿದರೆ ಇಂಜಿನ್ ವೇಗ ಇಳಿಯಲಿಲ್ಲ. ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿದೆ, ಏನೂ ಆಗಲಿಲ್ಲ; ಅಂದಿನಿಂದ ಸಂದು ಬಿಡುವ ಮೊದಲು ಗ್ರಿಪ್ಪನ್ನು ತಿರುಚಿ ನೋಡುತ್ತೇನೆ, ಜಾರಿದರೆ ಮೊದಲು ಅಂಟು.

ಹಾಗೆಯೇ ಲಿವರ್‌ಗಳು. ಲಿವರಿನ ಗುಂಡು ತುದಿ ಹ್ಯಾಂಡಲಿನ ಕೊನೆಯ ಹತ್ತಿರವೇ ಬಂದು ಹೋಗುತ್ತದೆ. ಬ್ರೇಕನ್ನೂ ಕ್ಲಚ್ಚನ್ನೂ ಪೂರ್ತಿ ಹಿಡಿದು, ಆ ತುದಿ ಕನ್ನಡಿಯ ಕಡ್ಡಿಗೆ ಎಲ್ಲೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಕನ್ನಡಿ ಬಿಚ್ಚಿದ ತೂತುಗಳಿಗೆ ಗಿಡ್ಡ ಬೋಲ್ಟೋ ರಬ್ಬರ್ ಬಿರಡೆಯೋ ಹಾಕಿ, ಇಲ್ಲದಿದ್ದರೆ ಮಳೆ ನೀರು ನಿಂತು ಥ್ರೆಡ್ ತುಕ್ಕು ಹಿಡಿಯುತ್ತದೆ.

ನೋಟ ಹೊಂದಿಸುವುದು

ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಬೈಕಿನ ಪಕ್ಕದಲ್ಲಿ ನಿಂತು ಕನ್ನಡಿ ತಿರುಗಿಸುವುದು ನಾವೆಲ್ಲ ಮಾಡುವ ತಪ್ಪು. ಬೈಕು ನೆಟ್ಟಗಿರಬೇಕು, ಹ್ಯಾಂಡಲ್ ನೇರವಿರಬೇಕು, ನೀವು ಅದರ ಮೇಲೆ ಓಡಿಸುವಾಗ ಕೂರುವಂತೆಯೇ ಕುಳಿತಿರಬೇಕು. ಹಿಂದೆ ಯಾರಾದರೂ ಹಿಡಿದುಕೊಂಡರೆ ಒಳ್ಳೆಯದು, ಅವರು ಮುಂದಿನ ಪರೀಕ್ಷೆಗೂ ಬೇಕು.

ಮೊದಲು ಮೇಲೆ ಕೆಳಗೆ: ದಿಗಂತ ಗಾಜಿನ ನಡುವಿಗೆ, ಇಲ್ಲವೇ ಒಂದೆಳೆ ಮೇಲಕ್ಕೆ ಬರಲಿ. ಆಮೇಲೆ ಒಳಗೆ ಹೊರಗೆ: ಒಳ ಅಂಚಿನಲ್ಲಿ ನಿಮ್ಮ ತೋಳೋ ಭುಜವೋ ಒಂದು ಕಿರುಬೆರಳಿನಷ್ಟು ಕಾಣಲಿ. ಪೂರ್ತಿ ತೆಗೆದುಹಾಕಬೇಡಿ. ತನ್ನ ಮೈಯ ಒಂದು ಅಂಚು ಕಂಡರೆ ಮಾತ್ರ ಉಳಿದದ್ದು ಎಷ್ಟು ಪಕ್ಕದಲ್ಲಿದೆ ಎಂದು ಕಣ್ಣಿಗೆ ಅಂದಾಜು ಸಿಗುತ್ತದೆ.

ಈಗ ಸಹಾಯಕ್ಕೆ ಬಂದವರನ್ನು ಇಪ್ಪತ್ತು ಹೆಜ್ಜೆ ಹಿಂದೆ ಕಳಿಸಿ, ಬೈಕಿನಿಂದ ಎರಡು ಮೂರು ಮೀಟರ್ ಪಕ್ಕದ ಗೆರೆಯಲ್ಲಿ ಮುಂದಕ್ಕೆ ನಡೆದು ಬರಲು ಹೇಳಿ. ನೀವು ತಲೆ ತಿರುಗಿಸದೆ ಕನ್ನಡಿ ನೋಡುತ್ತಿರಿ. ಅವರು ಕನ್ನಡಿಯಿಂದ ಮಾಯವಾದ ಕ್ಷಣ ‘ನಿಲ್ಲಿ’ ಎನ್ನಿ, ಅಲ್ಲಿ ಒಂದು ಕಲ್ಲಿಡಲಿ. ಮತ್ತೆ ನಡೆಯಲಿ, ಮುಂದೆ ನೋಡುತ್ತಿರುವ ನಿಮ್ಮ ಕಣ್ಣಂಚಿಗೆ ಅವರು ಸಿಕ್ಕ ಕ್ಷಣ ಇನ್ನೊಂದು ಕಲ್ಲು. ಎರಡು ಕಲ್ಲುಗಳ ನಡುವಿನ ಜಾಗವೇ ನಿಮ್ಮ ಕುರುಡು ತಾಣ. ಬೈಕಿನಿಂದಿಳಿದು ಅದನ್ನೊಮ್ಮೆ ನೋಡಿ. ಅಲ್ಲಿ ಒಂದು ಬೈಕು ಆರಾಮವಾಗಿ ಹಿಡಿಸುತ್ತದೆ, ಕೆಲವರಿಗೆ ಕಾರೇ ಹಿಡಿಸುತ್ತದೆ. ಯಾವ ಕನ್ನಡಿಯೂ ಅದನ್ನು ಅಳಿಸುವುದಿಲ್ಲ. ಒಳ್ಳೆಯ ಕನ್ನಡಿ ಕಿರಿದು ಮಾಡುತ್ತದೆ, ಉಳಿದದ್ದಕ್ಕೆ ಭುಜದ ಮೇಲಿಂದ ಒಂದು ಹೊರಳುನೋಟ ಬೇಕೇ ಬೇಕು. ಒಂದೇ ಕನ್ನಡಿ ಹಾಕಿಕೊಂಡು ಓಡಾಡುವ ಯೋಚನೆಯಿದ್ದವರು ಈ ಪರೀಕ್ಷೆಯನ್ನು ಕನ್ನಡಿ ಇಲ್ಲದ ಮಗ್ಗುಲಿಗೂ ಮಾಡಿ ನೋಡಲಿ.

ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಬೈಕಿನ ಹಿಂಭಾಗ ತಗ್ಗುತ್ತದೆ: ಹೆಡ್‌ಲೈಟ್ ಮೇಲಕ್ಕೆದ್ದರೆ ಕನ್ನಡಿಯ ನೋಟ ನೆಲಕ್ಕೆ ಇಳಿಯುತ್ತದೆ. ಹೊರಡುವ ಮುನ್ನ ಚೂರು ಮೇಲಕ್ಕೆತ್ತಿಕೊಳ್ಳಿ. ಕನ್ನಡಿಯನ್ನು ಕಡ್ಡಿಗೆ ಸೇರಿಸುವ ಗುಂಡನೆಯ ಕೀಲನ್ನು ಕೈಯಿಂದ ತಿರುಗಿಸಲು ಬರುವಷ್ಟು ಸಡಿಲ, ಗಾಳಿಗೆ ತಿರುಗದಷ್ಟು ಬಿಗಿಯಾಗಿ ಇಟ್ಟಿದ್ದರೆ ಇದು ಒಂದು ಕ್ಷಣದ ಕೆಲಸ.

ನಡುಕ

ಹ್ಯಾಂಡಲ್ ತುದಿಗೆ ಕಂಪನಿಯವರು ಭಾರದ ತುಂಡು ಕೂರಿಸಿರುವುದು ಅಲಂಕಾರಕ್ಕಲ್ಲ. ಇಂಜಿನ್ನಿನ ನಡುಕಕ್ಕೆ ಹ್ಯಾಂಡಲ್ ಸ್ಪಂದಿಸುವ ವೇಗವನ್ನು ಆ ಭಾರ ಕೆಳಗಿಳಿಸುತ್ತದೆ. ನೀವು ಹೆಚ್ಚು ಹೊತ್ತು ಓಡಿಸುವ ವೇಗದಲ್ಲಿ ಕೈ ಜುಮ್ಮೆನ್ನದಂತೆ ನೋಡಿಕೊಳ್ಳುತ್ತದೆ. ಅದನ್ನು ತೆಗೆದು ಹಗುರವಾದ ಪ್ಲಾಸ್ಟಿಕ್ ಕನ್ನಡಿ ಹಾಕಿದರೆ, ಅದರಲ್ಲೂ ಒಂದೇ ಸಿಲಿಂಡರಿನ ಬೈಕಿನಲ್ಲಿ, ಎರಡು ಸಂಗತಿ ಒಟ್ಟಿಗೆ ಆಗುತ್ತವೆ: ಬೆರಳುಗಳು ಮರಗಟ್ಟುತ್ತವೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮೂರು ಲಾರಿಯಾಗುತ್ತದೆ. ಹಳೆಯ ತುಂಡನ್ನೂ ಹೊಸ ಕನ್ನಡಿಯನ್ನೂ ಒಂದು ಸಣ್ಣ ತಕ್ಕಡಿಯಲ್ಲಿಟ್ಟು ತೂಗಿ. ಹೊಸದು ಹಗುರವಾಗಿದ್ದರೆ ಒಳಗೆ ಭಾರ ಸೇರಿಸಲು ಬರುವಂಥ ಜೋಡಣೆ ಹುಡುಕಿ. ಕಡ್ಡಿ ಗಿಡ್ಡವಿದ್ದಷ್ಟೂ, ಮೈ ಲೋಹದ್ದಿದ್ದಷ್ಟೂ ಚಿತ್ರ ನಿಲ್ಲುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಮಸುಕಾಗಿ, ಅದರ ಆಚೀಚೆ ಸ್ಪಷ್ಟವಾಗಿದ್ದರೆ ಕನ್ನಡಿಯನ್ನು ಬೈಯಬೇಡಿ. ಆ ವೇಗ ನೀವು ದಿನವೂ ಓಡಿಸುವ ವೇಗವೇ ಎಂದು ನೋಡಿ. ಅಲ್ಲವಾದರೆ ಹಾಗೇ ಬಿಡಿ.

ಕೊನೆಗೆ ಯಾರಿಗೆ ಯಾವುದು? ತಗ್ಗಿನ ಹ್ಯಾಂಡಲ್, ಉದ್ದದ ಪಯಣ: 94 ಮಿ.ಮೀ. ಅಥವಾ ಅದಕ್ಕೂ ದೊಡ್ಡ ಉಬ್ಬು ಗಾಜು, ಲೋಹದ ಮೈ, ಕಂಪನಿಯ ಥ್ರೆಡ್ಡಿಗೇ ಕೂರುವ ಜೋಡಣೆ, ಗ್ರಿಪ್ಪಿನ ಮೇಲ್ಗಡೆ. ಊರೊಳಗೆ ದಿನವಿಡೀ ಇಕ್ಕಟ್ಟಿನಲ್ಲಿ ಓಡಾಟ: ಕಡ್ಡಿಯ ಕನ್ನಡಿಯೇ ಇರಲಿ, ತೋಳು ಅಡ್ಡ ಬಂದರೆ ಹೊರಸರಿಸುವ ತುಂಡು ಹಾಕಿ. ರಜಾದಿನ ಮಾತ್ರ ಹೊರತೆಗೆಯುವ, ಚಂದಕ್ಕೆಂದೇ ಸಿಂಗರಿಸಿದ ಬೈಕು: ಕೆಳಗೆ ತೂಗುವುದನ್ನೇ ಹಾಕಿಕೊಳ್ಳಿ, ಗಾಜಿನ ಅಳತೆಯಲ್ಲಿ ಮಾತ್ರ ರಾಜಿ ಬೇಡ.

ಹಾಕಿದ ಮೇಲೆ ಒಂದು ಬಿಳಿ ಬಣ್ಣದ ಪೆನ್ನು ತೆಗೆದುಕೊಂಡು ಹ್ಯಾಂಡಲಿನ ಅಂಚಿನಿಂದ ಕನ್ನಡಿಯ ಬುಡಕ್ಕೆ ಅಡ್ಡಲಾಗಿ ಒಂದು ಸಣ್ಣ ಗೆರೆ ಎಳೆಯಿರಿ. ಬಲಗಡೆ ಗ್ರಿಪ್ಪಿನ ಕೊಳವೆಗೆ ತಾಗದಂತೆ, ಬುಡಕ್ಕೂ ಬೋಲ್ಟಿನ ತಲೆಗೂ ಸೇರಿಸಿ ಎಳೆದರಾಯಿತು. ನೂರು ಕಿಲೋಮೀಟರ್ ಓಡಿಸಿ ಬಂದು ನೋಡಿ. ರಬ್ಬರ್ ಮೊದಲ ಕೆಲವು ದಿನ ಕುಗ್ಗಿ ಕೂರುತ್ತದೆ, ಬೋಲ್ಟು ಕಾಲು ಸುತ್ತು ಕೇಳುವುದು ಸಹಜ. ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ಬಿಚ್ಚಿ, ಒಳಗೆ ಮತ್ತೆ ಒರೆಸಿ, ಮೊದಲಿನಿಂದ ಹಾಕಿ.